ಒರಗಿ ನಿಂತ ಕಡ್ಡಿ

ಹಾಲು ಮಾರುವ ಸಿದ್ದಲಿಂಗಣ್ಣ ಕ್ಯಾನುಗಳನ್ನು ಹೊರುವಂಥ ಗಟ್ಟಿ ಸೈಕಲ್ಲೊಂದನ್ನು ಹೇಳಿ ಮಾಡಿಸುತ್ತಿದ್ದ. ಸೈಕಲ್ ಅಂಗಡಿಯ ಬಾಬಾಜಾನ್ ಹಿಂದಿನ ಚಕ್ರಕ್ಕೆ ಹೊಸ ಕಡ್ಡಿಗಳನ್ನು ಹೆಣೆದು, ಒಂದೊಂದನ್ನೂ ತಿರುಪಿ ಬಿಗಿ ಮಾಡಿದ. ಆಮೇಲೆ ಉಗುರಿನಿಂದ ಮೀಟಿ ದನಿ ಕೇಳುತ್ತ ಬಂದ. ಬಿಗಿಯಾದ ಕಡ್ಡಿ ಟಣ್ ಎನ್ನಬೇಕು; ಎನ್ನದಿದ್ದರೆ ಇನ್ನೊಂದು ತಿರುಪು ಬೀಳುತ್ತದೆ.

ತಿರುಪಿಗೆ ಮೈಕೊಡದೆ ಒಂದು ಕಡ್ಡಿ ಸಡಿಲವಾಗಿಯೇ ಉಳಿದಿತ್ತು. ಅದು ಪಕ್ಕದ ಬಿಗಿಕಡ್ಡಿಗೆ ಪಿಸುಗುಟ್ಟಿತು: "ಅಣ್ಣಾ, ಈ ಬಿಗಿತ ನನ್ನ ಮೈಗೆ ಆಗಿಬರುವುದಿಲ್ಲ. ನಿನಗೆ ಒರಗಿಕೊಳ್ಳುತ್ತೇನೆ. ಬೆರಳು ಬಂದಾಗ ನನ್ನ ಪಾಲಿನ ದನಿಯನ್ನೂ ನೀನೇ ಕೊಟ್ಟುಬಿಡು."

"ಒಂದೇ ಚಕ್ರದವರು ನಾವು, ಅದಕ್ಕೇನಂತೆ," ಎಂದಿತು ಬಿಗಿಕಡ್ಡಿ. ಬೆರಳು ಬಂತು. ಅದು ಇಬ್ಬರ ಪರವಾಗಿಯೂ ಟಣ್ ಎಂದಿತು.

ಸೈಕಲ್ಲು ರಸ್ತೆಗಿಳಿದ ಮೇಲೆ ಇಬ್ಬರ ಪಾಲಿನ ಕ್ಯಾನುಗಳ ಭಾರವೂ ಅದರ ಮೇಲೆಯೇ ಬಿತ್ತು. ದಸರೆ ಬರುವಷ್ಟರಲ್ಲಿ ಬಿಗಿಕಡ್ಡಿ ಪಟ್ಟೆಂದು ಮುರಿಯಿತು.

ಬಾಬಾಜಾನ್ ಮುರಿದ ತುಂಡನ್ನು ಎಳೆದು ಹಾಕಿ, "ಇದು ಕಳಪೆ ಮಾಲು, ಸಿದ್ದಲಿಂಗಣ್ಣ. ಪಕ್ಕದ್ದು ನೋಡಿ, ಎಷ್ಟು ಹೊತ್ತರೂ ಹೊಸದರ ಹಾಗೇ ಇದೆ!" ಎಂದ.

"ಅಣ್ಣನಿಗೆ ಮೊದಲಿನಿಂದಲೂ ತಾಳಿಕೆ ಕಡಿಮೆ," ಎಂದಿತು ಸಡಿಲುಕಡ್ಡಿ.

ಗುಜರಿ ಡಬ್ಬಿಯಲ್ಲಿ ಬಿದ್ದ ತುಂಡು ಎಲ್ಲವನ್ನೂ ಕೇಳಿಸಿಕೊಂಡಿತು. ಅದರ ಜಾಗಕ್ಕೆ ಹೊಳೆಯುವ ಎಳೆಯ ಕಡ್ಡಿಯೊಂದು ಬಂತು. ಸಡಿಲುಕಡ್ಡಿ ಮೆಲ್ಲಗೆ ಅದಕ್ಕೆ ಒರಗಿ, "ತಮ್ಮಾ..." ಎಂದು ಶುರು ಮಾಡಿತು.

"ಬೇಡ ತಮ್ಮಾ!" ಎಂದು ತುಂಡು ಕೂಗುವಷ್ಟರಲ್ಲಿ ಬಾಬಾಜಾನನ ಬೆರಳು ಬಂದಿತ್ತು. ಎಳೆಯ ಕಡ್ಡಿ ಇಬ್ಬರ ಪರವಾಗಿಯೂ ಟಣ್ ಎಂದಿತು.