ಐದು ಊರಿನ ನಡುವಿನ ದನದ ಆಸ್ಪತ್ರೆ

"ಗುರುಗಳೆ, ತಾಲ್ಲೂಕಿನ ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲಿ ಏನು ಕಟ್ಟಬೇಕೆಂದು ತಿಳಿಯದೆ ತಲೆ ಕೆಟ್ಟಿದೆ. ಖಾಲಿ ಜಾಗದಲ್ಲಿ ಕಟ್ಟಿದರೆ ಯಾರಿಗೂ ನಷ್ಟವಿಲ್ಲ, ಅಲ್ಲವೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಐದು ಊರಿಗೆ ಸೇರಿ ಒಂದು ದನದ ಆಸ್ಪತ್ರೆ ಮಂಜೂರಾಯಿತು. ಪ್ರತಿ ಊರೂ ತನ್ನಲ್ಲೇ ಆಗಬೇಕೆಂದಿತು. ಅಧಿಕಾರಿ ನಕ್ಷೆ ಹರಡಿ ಅಳೆದ. ಐದೂ ಊರಿಗೆ ಸಮದೂರದಲ್ಲಿ ಒಂದು ಗೋಮಾಳವಿತ್ತು. ಹೋಗಿ ನೋಡಿದ. ಆಗ ಸುಗ್ಗಿ ಮುಗಿದಿತ್ತು. ಸುಗ್ಗಿ ಮುಗಿದ ಮೇಲೆ ಆ ಕಡೆಯವರು ಮಳೆ ಬೀಳುವವರೆಗೆ ಕೊಯ್ಲಾದ ಹೊಲಗಳಿಗೆ ದನಗಳನ್ನು ಬಿಡುತ್ತಾರೆ. ಗೋಮಾಳದಲ್ಲಿ ಒಂದು ಕರುವೂ ಕಾಣಲಿಲ್ಲ. ಅಧಿಕಾರಿ 'ಖಾಲಿ' ಎಂದು ಬರೆದುಕೊಂಡ.

ಎಲ್ಲರೂ ಒಪ್ಪಿದರು. ಪಕ್ಕದ ಊರಿಗೆ ಹೋಗಲಿಲ್ಲವಲ್ಲ ಎಂಬ ಸಂತೋಷದಲ್ಲಿ ಮೇವಿನ ಮಾತು ಯಾರಿಗೂ ಹೊಳೆಯಲಿಲ್ಲ. ಒಬ್ಬ ರೈತನಿಗೆ ಅರ್ಧ ಎಕರೆ ಹೊಲ, ಹನ್ನೊಂದು ಹಸು. ಹಸುಗಳಿಂದಲೇ ಅವನ ಮನೆ ನಡೆಯುತ್ತಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ.

ಕಟ್ಟಡ ಎದ್ದಿತು. ಗೋಮಾಳದ ಸುತ್ತ ಬೇಲಿ ಬಂತು. ಮಳೆ ಬಿದ್ದು ಹೊಲಗಳಲ್ಲಿ ಬಿತ್ತನೆಯಾಯಿತು. ರೈತ ಎಂದಿನಂತೆ ಹಸುಗಳನ್ನು ಹೊಡೆದುಕೊಂಡು ಬಂದ. ಹಸುಗಳು ಬೇಲಿಯ ಬಳಿ ನಿಂತವು. ಅವನೂ ನಿಂತ. ಇನ್ನು ಎಲ್ಲಿಗೆ ಹೋಗುವುದೆಂದು ಅವಕ್ಕೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.

ವರ್ಷ ಕಳೆದು ಅಧಿಕಾರಿ ಬಂದ. ವೈದ್ಯನಿದ್ದ, ಔಷಧಿಯಿತ್ತು, ದನವಿರಲಿಲ್ಲ. ನಕ್ಷೆ ತೆಗೆದು ಮತ್ತೆ ಅಳೆದ. ಅಳತೆ ಸರಿಯಾಗಿಯೇ ಇತ್ತು. ದಾರಿಯಲ್ಲಿ ಹೋಗುತ್ತಿದ್ದ ಆ ರೈತನನ್ನು ಕರೆದ.

"ಏನಪ್ಪಾ, ಇಷ್ಟು ಹತ್ತಿರ ಕಟ್ಟಿಸಿಕೊಟ್ಟರೂ ಹಸು ಹೊಡೆದುಕೊಂಡು ಬರುವುದಕ್ಕೆ ಸೋಮಾರಿತನವೆ?"

"ಚೆನ್ನಾಗಿ ಹೇಳಿದಿರಿ ಸ್ವಾಮಿ! ನಮ್ಮಜ್ಜನ ಕಾಲದಿಂದ ಬಿತ್ತನೆಯಾದ ಮೇಲೆ ದಿನಾ ಇಲ್ಲಿಗೇ ಹೊಡೆದುಕೊಂಡು ಬರುತ್ತಿದ್ದೆವು. ನೀವು ಬೇಲಿ ಹಾಕಿದಿರಿ. ನಾನೂ ಮಾರಿದೆ, ಊರವರೂ ಮಾರಿದರು."

"ಮೊದಲೇ ಹೇಳಬಾರದಿತ್ತೆ?"

"ಆಸ್ಪತ್ರೆ ಎಲ್ಲಿರಲಿ ಎಂದು ಕೇಳಿದಿರಿ, ಹೇಳಿದೆವು. ಹಸುಗಳು ಎಲ್ಲಿ ಮೇಯುತ್ತವೆ ಎಂದು ಕೇಳಿದಿರಾ?"

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯನ ಗೊಂದಲ ಇನ್ನಷ್ಟು ಹೆಚ್ಚಿತು.

"ಹಾಗಾದರೆ ಖಾಲಿ ಜಾಗ ಎಂದರೆ ಯಾವುದು, ಗುರುಗಳೆ?"

"ಆ ಆಸ್ಪತ್ರೆ," ಎಂದರು ಗುರುಗಳು.