ದ್ಯಾವಕ್ಕನ ಉಪ್ಪಿನೆತ್ತುಗಳು

ಕಂಪನಿ ಸರಕಾರದ ಕಾಲ ಕಣ್ರೋ ಅದು. ಘಟ್ಟದ ಮೇಲಿನ ಕೋಟೇಲಿ ನಮ್ಮ ದಂಗೆಯವರಿದ್ದರು. ಅವರನ್ನು ಸುಡೋಕೆ ಸಿಪಾಯಿಗಳ ಜೊತೆ ಹೊರಟ ಕಂಪನಿ ದೊರೆ, ಉಪ್ಪು ಸಾಗಿಸೋ ದ್ಯಾವಕ್ಕನ ಎತ್ತುಗಳ ಮೇಲೆ ಸಿಡಿಮದ್ದಿನ ಮೂಟೆ ಹೇರಿಸಿ, "ನಡೆಸು!" ಅಂದ. ದ್ಯಾವಕ್ಕ ಮೊದಲೇ ಕೋಟೆಗೆ ಸುದ್ದಿ ಮುಟ್ಟಿಸಿ, ಸುಮ್ಮನೆ ಹೊರಟಳು.

ಕಣಿವೆಯ ಇಕ್ಕಟ್ಟಿನಲ್ಲಿ ಎತ್ತುಗಳು ನಿಂತೇಬಿಟ್ಟವು. ದಿನಾ ಉಪ್ಪಿನ ಮೂಟೆ ಇಳಿಸಿ ಮೇವು ಹಾಕೋ ಜಾಗ ಅದು.

"ಹೊಡಿಯೇ ಮುದುಕಿ!" ದೊರೆ ಗದರಿದ.

"ಮೂಟೆ ಇಳಿಸದೆ ಇವು ಕದಲಲ್ಲ ಬುದ್ಧಿ."

ಸಿಪಾಯಿಗಳು ಕೋವಿಗಳನ್ನು ಬಂಡೆಗೆ ಒರಗಿಸಿ ಮೂಟೆಗೆ ಕೈ ಹಾಕಿದರು. ಪೊದೆಯಿಂದ ನುಗ್ಗಿದ ನಮ್ಮವರು ಕೋವಿಗಳನ್ನೆಲ್ಲ ಬಾಚಿಕೊಂಡರು.

"ಮೋಸ ಮಾಡಿದೆಯಾ!" ದೊರೆ ಎರಡೂ ಕೈ ಮೇಲೆತ್ತಿಕೊಂಡೇ ಕೂಗಿದ.

"ಎಲ್ಲಿ ಬುದ್ಧಿ? ಎತ್ತಿಗೂ ಹಗುರಾಯ್ತು, ನಿಮಗೂ ಹಗುರಾಯ್ತು. ವಾಪಸ್ಸು ಹೋಗೋದು ಬರೀ ಇಳಿಜಾರು, ಕಾಲೂ ನೋಯಲ್ಲ."