ಒಂದೇ ಒತ್ತಿಗೆ ಮುಗಿದ ಕೆಲಸ

ಗುಡ್ಡದ ತುದಿಯಲ್ಲಿದ್ದ ರೂಟರನ್ನು ಇಂಜಿನಿಯರ್ ಪಂಪಾಪತಿ ಊರಿನ ಆಫೀಸಿನಲ್ಲಿ ಕೂತು, ಲ್ಯಾಪ್‌ಟಾಪಿನಿಂದಲೇ ಆಳುತ್ತಿದ್ದ. ಉದ್ದುದ್ದ ಕಮಾಂಡ್ ಟೈಪ್ ಮಾಡಿ ಮಾಡಿ ಬೇಸತ್ತು ಒಂದು ದಿನ, ರೂಟರಿನ ಪೋರ್ಟ್ ಎಂಬ ಸಂಪರ್ಕದ ಬಾಗಿಲನ್ನು ಮುಚ್ಚುವ ಕೆಲಸವನ್ನು ಎಫ್-ಫೈವ್ ಕೀಗೂ, ತೆರೆಯುವ ಕೆಲಸವನ್ನು ಎಫ್-ಸಿಕ್ಸ್ ಕೀಗೂ ವಹಿಸಿದ.

ಎಫ್-ಫೈವ್ ಬೀಗುತ್ತಾ ಎಂಟರ್ ಕೀಗೆ ಹೇಳಿತು: “ಅಜ್ಜಾ, ಇನ್ನು ನೀವು ವಿಶ್ರಾಂತಿ ತಗೊಳ್ಳಿ. ನನ್ನನ್ನು ಒಮ್ಮೆ ಒತ್ತಿದರೆ ಕೆಲಸ ಮುಗಿಯಿತು.”

“ಟೈಪ್ ಮಾಡಿ ನನ್ನ ಹತ್ತಿರ ಬರುವಷ್ಟರಲ್ಲಿ ಅವನು ಒಂದು ಸಲ ಯೋಚಿಸುತ್ತಿದ್ದ,” ಎಂದಿತು ಎಂಟರ್.

“ಆ ಹೊತ್ತನ್ನೇ ಅಲ್ಲವೇ ನಾನು ಉಳಿಸಿದ್ದು!”

ಹೇಗಿದೆ ನೋಡೋಣವೆಂದು ಪಂಪಾಪತಿ ಎಫ್-ಫೈವ್ ಒತ್ತಿದ. ಮುಚ್ಚಿಕೊಂಡದ್ದು ಅವನ ಕಮಾಂಡುಗಳು ರೂಟರನ್ನು ಸೇರುತ್ತಿದ್ದ ಪೋರ್ಟೇ. ಎಫ್-ಸಿಕ್ಸನ್ನು ಎಷ್ಟು ಕುಟ್ಟಿದರೂ ಗುಡ್ಡದಿಂದ ಉತ್ತರವಿಲ್ಲ. ಅದೇ ಪೋರ್ಟಿನ ಮೂಲಕ ಆಚೆಯ ಹಳ್ಳಿಗಳಿಗೆಲ್ಲ ಹೋಗುತ್ತಿದ್ದ ಇಂಟರ್ನೆಟ್ಟೂ ನಿಂತುಹೋಯಿತು.

ರೂಟರಿಗೇ ನೇರವಾಗಿ ತಂತಿ ಜೋಡಿಸಿ ಪೋರ್ಟ್ ತೆರೆಯಲೆಂದು ಲ್ಯಾಪ್‌ಟಾಪ್ ಬ್ಯಾಗನ್ನು ಹೆಗಲಿಗೇರಿಸಿ, ಬಿರುಬಿಸಿಲಿನಲ್ಲಿ ಅವನು ಗುಡ್ಡ ಹತ್ತತೊಡಗಿದ. ಬ್ಯಾಗಿನೊಳಗೆ ಕುಲುಕಾಡುತ್ತಿದ್ದ ಎಫ್-ಫೈವ್ ಮೆಲ್ಲಗೆ ಕೇಳಿತು: “ಅಜ್ಜಾ, ಇವನೇಕೆ ಮಾತೇ ಆಡುತ್ತಿಲ್ಲ?”

“ದಾರಿ ಉದ್ದ ಇದೆಯಲ್ಲ ಮಗೂ,” ಎಂದಿತು ಎಂಟರ್. “ಯೋಚಿಸುತ್ತಿದ್ದಾನೆ.”